ಬಾವಿಗೆ ಕಟ್ಟೆ ಇದೆಯೇ?

ಮಕ್ಕಳೇ, ಪರೀಕ್ಷೆ ಮುಗಿಯುವ ಮೊದಲೇ ನಿಮ್ಮ ಮನೆಯಲ್ಲಿ ರಜೆಯ ಮಾತು ಶುರುವಾಗಿರಬೇಕಲ್ಲ? ನಮ್ಮ ಕಾಲದಲ್ಲಿ ಆ ಮಾತೇ ಬೇಕಿರಲಿಲ್ಲ. ರಜೆ ಎಂದರೆ ಅಜ್ಜಿಮನೆ, ಮುಗಿಯಿತು. ಈಗ ಎಷ್ಟೋ ಕಡೆ ಅಜ್ಜ-ಅಜ್ಜಿಯೇ ಊರಮನೆಗೆ ಬೀಗ ಹಾಕಿ ನಿಮ್ಮ ಜೊತೆ ಮೂರನೇ ಮಹಡಿಯಲ್ಲಿದ್ದಾರೆ. ಹಾಗಾಗಿ ದುಡ್ಡು ಕೊಟ್ಟು ಇನ್ಯಾರದೋ ಅಜ್ಜಿಮನೆಗೆ ಹೋಗುವ ಕಾಲ ಬಂದಿದೆ. ಅದಕ್ಕೆ ಹೋಂಸ್ಟೇ ಎನ್ನುತ್ತಾರೆ. ಸಾಗರ, ತೀರ್ಥಹಳ್ಳಿ, ಶೃಂಗೇರಿ, ಸಕಲೇಶಪುರ, ಮಡಿಕೇರಿ ಎಲ್ಲಿ ನೋಡಿದರೂ ತೋಟದ ದಾರಿಯಲ್ಲಿ ಅದರ ಬೋರ್ಡು.

ನನಗೆ ಅದರಲ್ಲಿ ತಕರಾರಿಲ್ಲ. ಪೇಟೆಯ ಮಗು ಹಂಡೆಯ ಬಿಸಿನೀರಿನಲ್ಲಿ ಮಿಂದು, ಒಲೆಯ ಮುಂದೆ ಕೂತು ಅಕ್ಕಿರೊಟ್ಟಿ ತಿಂದು ಬರಲಿ. ಆದರೆ ಆ ಮನೆಯನ್ನು ಆರಿಸುವ ರೀತಿ ಇದೆಯಲ್ಲ, ಅದು ಸರಿಯಿಲ್ಲ. ರಾತ್ರಿ ಹನ್ನೊಂದಕ್ಕೆ ಅಪ್ಪ-ಅಮ್ಮ ಮೊಬೈಲಿನಲ್ಲಿ ಫೋಟೋ ಸರಿಸುತ್ತ ಕೂರುತ್ತಾರೆ. ಫೋಟೋದಲ್ಲಿ ಮಂಜು ಕಾಣುತ್ತದೆ, ಜೋಕಾಲಿ ಕಾಣುತ್ತದೆ. ಹಿತ್ತಲಿನ ಬಾವಿ ಕಾಣುವುದಿಲ್ಲ. ಬಚ್ಚಲಿಗೆ ಎಷ್ಟು ಮೆಟ್ಟಿಲು ಇಳಿಯಬೇಕು ಎನ್ನುವುದೂ ಕಾಣುವುದಿಲ್ಲ. ಈ ಸಲ ಆ ಕೆಲಸವನ್ನು ಅಜ್ಜ-ಅಜ್ಜಿ ಮತ್ತು ನೀವು ಸೇರಿ ಮಾಡಿ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರು, ಎಲ್ಲರಿಗಿಂತ ಚಿಕ್ಕವರು ಯಾರು? ಅವರಿಬ್ಬರಿಗೆ ಒಗ್ಗುವ ಮನೆ ನಡುವಿನವರಿಗೂ ಒಗ್ಗುತ್ತದೆ.

ಮೊದಲು ನೀರಿನ ಮಾತು. ಮಲೆನಾಡಿನ ಮನೆಯ ಸುತ್ತ ನೀರೋ ನೀರು. ಹಿತ್ತಲಲ್ಲಿ ಬಾವಿ, ತೋಟದ ಮೇಲ್ಗಡೆ ಕೆರೆ, ಕೆಳಗೆ ಹಳ್ಳ. ಯಾವ ಕಲ್ಲು ಜಾರುತ್ತದೆ, ಎಲ್ಲಿ ಗುಂಡಿಯಿದೆ ಎಂಬುದು ಆ ಮನೆಯ ಮಕ್ಕಳಿಗೆ ಗೊತ್ತು. ನಿಮ್ಮ ಮೂರು ವರ್ಷದ ತಮ್ಮನಿಗೆ ಗೊತ್ತಿಲ್ಲ. ಬಾವಿಗಿಂತ ನನಗೆ ಹೆಚ್ಚು ಹೆದರಿಕೆ ಕೃಷಿ ಹೊಂಡದ್ದು. 2014ರಲ್ಲಿ ಸರ್ಕಾರ ಕೃಷಿಭಾಗ್ಯ ಯೋಜನೆ ತಂದ ಮೇಲೆ ಬಯಲುಸೀಮೆಯ ಹೊಲಗಳಲ್ಲಿ ಇಂಥ ಹೊಂಡಗಳು ಬಹಳ ಆದವು. ಮಲೆನಾಡಿನ ತೋಟಗಳಲ್ಲೂ ಇವೆ. ನೀರು ಇಂಗದಿರಲೆಂದು ಒಳಗೆಲ್ಲ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ದಡ ಇಳಿಜಾರು, ಮೇಲೆ ಪಾಚಿ. ಕಾಲು ಜಾರಿ ಒಳಗೆ ಬಿದ್ದರೆ ಈಜು ಬಲ್ಲ ದೊಡ್ಡವರಿಗೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಬುದ್ಧಿವಂತ ರೈತರು ಸುತ್ತ ಬೇಲಿ ಹಾಕಿ, ಗಂಟು ಕಟ್ಟಿದ ಹಗ್ಗವೊಂದನ್ನು ನೀರಿನವರೆಗೆ ಇಳಿಬಿಟ್ಟಿರುತ್ತಾರೆ. ಹೋಗುವ ಮನೆಯಲ್ಲಿ ಅವೆರಡೂ ಇವೆಯೇ ಎಂದು ಕೇಳಿ.

ಮುಳುಗುವ ಮಗು ಕೂಗುತ್ತದೆ, ನೀರು ಬಡಿಯುತ್ತದೆ ಎಂದು ನಾವು ಸಿನಿಮಾ ನೋಡಿ ಅಂದುಕೊಂಡಿದ್ದೇವೆ. ಉಸಿರೇ ಸಿಗದವರು ಕೂಗುವುದು ಹೇಗೆ? ಹತ್ತು ಹೆಜ್ಜೆ ದೂರದಲ್ಲಿ ದೊಡ್ಡವರು ಕಾಫಿ ಕುಡಿಯುತ್ತಿದ್ದರೂ ಸದ್ದಿಲ್ಲದೆ ಆಗಿಹೋಗುತ್ತದೆ. ಪುಟ್ಟ ಮಕ್ಕಳಿಗೆ ಬಕೆಟ್ಟಿನ ನೀರೂ ಅಪಾಯವೇ. ಆದ್ದರಿಂದ ಅಲ್ಲಿಗೆ ಹೋದ ಮೇಲೆ ಒಂದು ಸರದಿ ಮಾಡಿಕೊಳ್ಳಿ. ಅರ್ಧ ಗಂಟೆ ಒಬ್ಬ ದೊಡ್ಡವರು ಚಿಕ್ಕವರ ಮೇಲೆ ಮಾತ್ರ ಕಣ್ಣಿಡಬೇಕು, ಕೈಯಲ್ಲಿ ಮೊಬೈಲ್ ಇರಕೂಡದು. ಸರದಿ ಬದಲಾದಾಗ “ಇನ್ನು ನೀನು” ಎಂದು ಬಾಯಿಬಿಟ್ಟು ಹೇಳಬೇಕು. ಗಡಿಯಾರ ನೋಡಿ ಜ್ಞಾಪಿಸುವ ಕೆಲಸ ಮಕ್ಕಳದ್ದು.

ಇನ್ನು ಅಜ್ಜನ ಮಂಡಿ. ನಮ್ಮ ನೆರೆಮನೆಯ ಹಿರಿಯರೊಬ್ಬರನ್ನು ಮಗ-ಸೊಸೆ ಅಕ್ಕರೆಯಿಂದ ಗುಡ್ಡದ ಮೇಲಿನ ಕಾಟೇಜಿಗೆ ಕರೆದುಕೊಂಡು ಹೋದರು. ಗುಡ್ಡದ ಮೇಲೆ ಎಂದರೆ, ಕಾರು ನಿಲ್ಲಿಸಿದ ಜಾಗದಿಂದ ಅರವತ್ತು ಮೆಟ್ಟಿಲು. ಒಮ್ಮೆ ಹತ್ತಿದವರು ಎರಡು ದಿನ ಇಳಿಯಲಿಲ್ಲ. ತೋಟ, ಹಳ್ಳ, ದನದ ಕೊಟ್ಟಿಗೆ ಎಲ್ಲ ಕೆಳಗೆ. ಮೊಮ್ಮಕ್ಕಳೂ ಕೆಳಗೆ. ಬಂದ ಮೇಲೆ “ಹೇಗಿತ್ತು ರಾಯರೇ?” ಎಂದು ಕೇಳಿದೆ. “ತುಂಬಾ ಚೆನ್ನಾಗಿತ್ತು” ಎಂದರು. “ಏನೇನು ನೋಡಿದಿರಿ?” ಎಂದೆ. ಸ್ವಲ್ಪ ಹೊತ್ತು ಯೋಚಿಸಿ, “ನಮ್ಮ ಕಾರು” ಎಂದರು. ಮಗನ ಮುಂದೆ ಅವರು ಈ ಮಾತು ಆಡಿಲ್ಲ, ಆಡುವುದೂ ಇಲ್ಲ. ನಮ್ಮ ವಯಸ್ಸಿನವರು ಹಾಗೇ. ಅಜ್ಜಂದಿರೇ, ಸಂಕೋಚ ಬಿಡಿ. ಮಲಗುವ ಕೋಣೆ ನೆಲಮಟ್ಟದಲ್ಲಿದೆಯೇ, ಕಮೋಡ್ ಇದೆಯೇ, ರಾತ್ರಿ ಎದ್ದರೆ ಬಚ್ಚಲು ಒಳಗೋ ಹೊರಗೋ ಎಂದು ಮುಂಗಡ ಕೊಡುವ ಮೊದಲೇ ಕೇಳಿಸಿ. ತೊಟ್ಟಿಮನೆಯ ಹೊಸ್ತಿಲು ಎತ್ತರ, ಬಾಗಿಲು ಗಿಡ್ಡ. ನೋಡಲು ಚೆಂದ, ತಲೆಗೂ ಕಾಲಿಗೂ ಏಟು.

ಯಾವಾಗ ಹೋಗುತ್ತೀರಿ ಎಂಬುದರ ಮೇಲೂ ಮನೆಯ ಆಯ್ಕೆ ನಿಂತಿದೆ. ಜೋಗದ ಹತ್ತಿರ ಮನೆ ಹಿಡಿದು ಏಪ್ರಿಲಿನಲ್ಲಿ ಹೋದರೆ 253 ಮೀಟರಿನ ಬಂಡೆ ನೋಡಿ ಬರುತ್ತೀರಿ, ನೀರು ಎಳೆಯಷ್ಟೇ. ಶರಾವತಿಯ ನೀರನ್ನು ಮೇಲೆ ಲಿಂಗನಮಕ್ಕಿಯಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಿಕೊಂಡಿದ್ದಾರೆ. ಜೋಗವನ್ನು ದಸರಾ ರಜೆಗೆ ಇಟ್ಟುಕೊಳ್ಳಿ. ಮಾರ್ಚ್-ಏಪ್ರಿಲಿನಲ್ಲಿ ಕಾಫಿ ಸೀಮೆಯಲ್ಲಿ ಮೊದಲ ಮಳೆ ಬಿದ್ದು ಹೂ ಅರಳಿದ ದಿನಗಳು ಸಿಕ್ಕರೆ ನಿಮ್ಮ ಅದೃಷ್ಟ, ತೋಟವೆಲ್ಲ ಮಲ್ಲಿಗೆಯಂಥ ಪರಿಮಳ. ಮಳೆಗಾಲದಲ್ಲಿ ಇಂಬಳ ಕಚ್ಚುತ್ತದೆ. ಹೆದರುವ ಪ್ರಾಣಿಯಲ್ಲ ಅದು, ಉಪ್ಪು ಸೋಕಿಸಿದರೆ ಬಿದ್ದುಹೋಗುತ್ತದೆ.

ಹೆದರಬೇಕಾದದ್ದು ಒಣಗಾಲದ ಉಣ್ಣೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಗೊತ್ತಾದ ರೋಗ ಇದು. ಊರಿನವರು ಮಂಗನ ಕಾಯಿಲೆ ಎನ್ನುತ್ತಾರೆ, ವೈದ್ಯರು ಆ ಕಾಡಿನ ಹೆಸರಿನಿಂದಲೇ ಕರೆಯುತ್ತಾರೆ. ಡಿಸೆಂಬರಿನಿಂದ ಮೇ ತನಕ ಅದರ ಕಾಲ, ಅಂದರೆ ನಿಮ್ಮ ಬೇಸಿಗೆ ರಜೆಯೂ ಅದರಲ್ಲೇ ಬಂತು. ಮಲೆನಾಡಿನಲ್ಲಿ ಎಲ್ಲ ಕಡೆ ಇರುತ್ತದೆ ಎಂದಲ್ಲ. ಈ ವರ್ಷ ನಿಮ್ಮೂರಿನ ಸುತ್ತ ಉಂಟೇ ಎಂದು ಮನೆಯವರನ್ನು ನೇರವಾಗಿ ಕೇಳಿ. ಇದೆ ಎಂದರೆ ಬೇರೆ ಊರು ನೋಡಿ. ಇಲ್ಲ ಎಂದರೂ ಕಾಡಿನ ತರಗೆಲೆಯ ಮೇಲೆ ಕೂರುವುದು ಬೇಡ, ಸತ್ತ ಮಂಗನ ಹತ್ತಿರ ಹೋಗುವುದಂತೂ ಬೇಡವೇ ಬೇಡ. ತಿರುಗಾಡಿ ಬಂದ ಕೂಡಲೇ ಬಟ್ಟೆ ಬಿಚ್ಚಿ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಊರಿಗೆ ಮರಳಿದ ಮೇಲೆ ಜ್ವರ ಬಂದರೆ, ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಸಕಲೇಶಪುರ, ಕೊಡಗಿನ ಕಡೆಯಾದರೆ ಆನೆಯ ವಿಷಯವೂ ಕೇಳಬೇಕು. ಕತ್ತಲಾದ ಮೇಲೆ ತೋಟಕ್ಕೆ ಇಳಿಯಬೇಡಿ ಎಂದು ಮನೆಯವರು ಹೇಳಿದರೆ ಅದು ಹೆದರಿಸುವ ಮಾತಲ್ಲ.

ದಾರಿಯದೂ ಒಂದು ಮಾತು. ಉಡುಪಿ ಕಡೆಯಿಂದ ಆಗುಂಬೆ ಹತ್ತುವವರಿಗೆ 14 ಹೇರ್‌ಪಿನ್ ತಿರುವು. ವಾಂತಿ ಮಾಡುವ ಮಗುವಿದ್ದರೆ ಪ್ರವಾಸ ಅಲ್ಲೇ ಕೆಟ್ಟಿತು. ಬೆಂಗಳೂರಿನವರು ರಾತ್ರಿ ರೈಲು ಹತ್ತಿ ಮಲಗಿದರೆ ಬೆಳಗ್ಗೆ ಸಾಗರ. ಅದೇ ರೈಲು ತಾಳಗುಪ್ಪದಲ್ಲಿ ಕೊನೆಯಾಗುತ್ತದೆ, ಅಲ್ಲಿಂದಾಚೆ ಹಳಿಯೇ ಇಲ್ಲ. ಹಳಿ ಮುಗಿಯುವ ಜಾಗ ನೋಡುವುದೇ ಎಷ್ಟೋ ಮಕ್ಕಳಿಗೆ ಜಲಪಾತಕ್ಕಿಂತ ದೊಡ್ಡ ಸಂಗತಿ.

ಈಗ ಫೋನು ಮಾಡಿ. ಅಪ್ಪ ಪಕ್ಕದಲ್ಲಿರಲಿ, ಮಾತಾಡುವವರು ನೀವು. “ನಮಸ್ಕಾರ. ನಮ್ಮಲ್ಲಿ ಎಪ್ಪತ್ತೈದು ವರ್ಷದ ಅಜ್ಜ, ಮೂರು ವರ್ಷದ ತಮ್ಮ ಇದ್ದಾರೆ. ನಿಮ್ಮ ಬಾವಿಗೆ ಕಟ್ಟೆ ಇದೆಯೇ?” ಎಂದು ಶುರು ಮಾಡಿ. ಮನೆಯವರು ಅಲ್ಲೇ ವಾಸವಿದ್ದಾರೆಯೇ ಅಥವಾ ಬೀಗದ ಕೈ ಕೊಟ್ಟು ಹೋಗುತ್ತಾರೆಯೇ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ, ರಾತ್ರಿಯೂ ಡಾಕ್ಟರ್ ಸಿಗುವ ಆಸ್ಪತ್ರೆ ಎಷ್ಟು ದೂರ, 108ಕ್ಕೆ ಕರೆ ಮಾಡಲು ಅಂಗಳದಲ್ಲಿ ಸಿಗ್ನಲ್ ಬರುತ್ತದೆಯೇ ಎಂದೂ ಕೇಳಿ. ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

“ಏನೂ ತೊಂದರೆ ಇಲ್ಲ, ಬನ್ನಿ ಬನ್ನಿ” ಎಂದು ಎಲ್ಲಕ್ಕೂ ಒಂದೇ ಉತ್ತರ ಕೊಡುವವರ ಮನೆಯನ್ನು ನಾನಾದರೆ ಬಿಡುತ್ತೇನೆ. “ಬಾವಿಗೆ ಕಟ್ಟೆಯೂ ಇದೆ, ಮೇಲೆ ಜಾಲರಿಯೂ ಇದೆ ಮಗಾ, ಆದರೆ ಕೆರೆಗೆ ಬೇಲಿಯಿಲ್ಲ. ಕೆರೆ ತೋಟದ ಆಚೆ ತುದಿಯಲ್ಲಿದೆ, ನಡುವೆ ಗೇಟಿದೆ, ನೀವಿರುವ ತನಕ ಬೀಗ ಹಾಕಿಡುತ್ತೇನೆ. ಅಜ್ಜನಿಗೆ ಖಾರ ಕಡಿಮೆ ಮಾಡಬೇಕಾ?” ಎನ್ನುವವರು ಸಿಕ್ಕರೆ, ಈಜುಕೊಳ ಇಲ್ಲದಿದ್ದರೂ ಸರಿ, ಜೋಕಾಲಿ ಇಲ್ಲದಿದ್ದರೂ ಸರಿ, ಅಲ್ಲಿಗೇ ಹೋಗಿ.

ಹೊರಡುವ ದಿನ ಅಜ್ಜನ ಊರುಗೋಲು ಡಿಕ್ಕಿಯಲ್ಲಿ ಚೀಲಗಳ ಅಡಿ ಸೇರದಂತೆ ನೋಡಿಕೊಳ್ಳಿ. ಟಾರ್ಚು ಎರಡಿರಲಿ. ಒಂದು ಅಜ್ಜಿಯ ದಿಂಬಿನ ಕೆಳಗೆ, ಇನ್ನೊಂದು ಬಚ್ಚಲಿನ ಬಾಗಿಲ ಬಳಿ.