ಎಣಿಸಬೇಕಾದದ್ದು ಮಕ್ಕಳನ್ನು

ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೋ, ಐದೂವರೆ ಸಾಕೋ ಎಂಬ ಜಗ್ಗಾಟದಲ್ಲೇ ನಮ್ಮ ಶಾಲಾಪೂರ್ವ ಶಿಕ್ಷಣದ ಚರ್ಚೆ ಮುಗಿದುಹೋಗುತ್ತದೆ. 2025–26ನೇ ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳ ರಿಯಾಯಿತಿ ಸಿಕ್ಕಿದ್ದು ದೊಡ್ಡ ಸುದ್ದಿಯಾಯಿತು. ಅದೇ ವರ್ಷದ ನವೆಂಬರ್ 21ರಂದು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಆರು ವರ್ಷದೊಳಗಿನ ಮಗು ಹಗಲಿಡೀ ಎಲ್ಲಿರಬೇಕು ಎಂಬುದನ್ನು ತೀರ್ಮಾನಿಸುವ ಅಂಕಿಯೊಂದು ಅವುಗಳಲ್ಲಿ ಬದಲಾಯಿತು. ಅದನ್ನು ಕೇಳಿದವರೇ ಇಲ್ಲ.

ದಾಖಲಾತಿ ಕಾಲ ಬಂತೆಂದರೆ ಪುರವಣಿಗಳಲ್ಲಿ ಉಪದೇಶಗಳ ಸುರಿಮಳೆ: ಮಾಂಟೆಸ್ಸರಿಯೋ ಪ್ಲೇ–ವೇಯೋ ವಿಚಾರಿಸಿ, ಸಿಸಿಟಿವಿ ಇದೆಯೇ ನೋಡಿ, ಶೌಚಾಲಯ ಪರೀಕ್ಷಿಸಿ. ನೋಡಲಿ, ಬೇಡ ಎನ್ನುವುದಿಲ್ಲ. ಆದರೆ ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದಲ್ಲಿ ಪ್ರೀ–ಸ್ಕೂಲ್ ಆರಿಸುವುದು ಅಪ್ಪ ಅಮ್ಮನ ಶಿಫ್ಟು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಖಾಸಗಿ ಪ್ಲೇ ಸ್ಕೂಲ್‌ಗಳಿಗೆ ರೂಪಿಸಿದ ಮಾರ್ಗಸೂಚಿ 20 ಮಕ್ಕಳಿಗೆ ಒಬ್ಬ ಶಿಕ್ಷಕಿ, ಒಬ್ಬ ಆಯಾ ಇರಬೇಕು ಎನ್ನುತ್ತದೆ. ದಿನಕ್ಕೆ ಮೂರು–ನಾಲ್ಕು ಗಂಟೆ ಸಾಕು ಎನ್ನುತ್ತದೆ. ಮಗುವಿನ ಮಟ್ಟಿಗೆ ಸರಿಯಾದ ಮಾತೇ. ಆದರೆ ಒಂಬತ್ತಕ್ಕೆ ಬಿಟ್ಟ ಮಗು ಹನ್ನೆರಡೂವರೆಗೆ ಬ್ಯಾಗು ಏರಿಸಿಕೊಂಡು ಗೇಟಿನ ಬಳಿ ನಿಂತಿರುತ್ತದೆ. ಆ ಹೊತ್ತಿಗೆ ಗಾರ್ಮೆಂಟ್ಸ್ ಲೈನಿನಲ್ಲಿರುವ ತಾಯಿಗೆ ಸಿಗುವುದು ಊಟದ ಬಿಡುವು; ಅಷ್ಟರಲ್ಲಿ ಡಬ್ಬಿ ತೆರೆದು ಮುಚ್ಚಬಹುದು. ಹಾಗಾಗಿ ವೈಟ್‌ಫೀಲ್ಡಿನ ಐಟಿಪಿಎಲ್ ಟೆಕ್ ಪಾರ್ಕ್ ಕಡೆಯ ದಂಪತಿ ಮೊದಲು ರಾತ್ರಿ ಏಳರವರೆಗೆ ಇಟ್ಟುಕೊಳ್ಳುವ ಡೇಕೇರ್ ಹುಡುಕಿ, ಅದರ ಜೊತೆಗೆ ಬರುವ ಪ್ರೀ–ಸ್ಕೂಲನ್ನು ಒಪ್ಪಿಕೊಳ್ಳುತ್ತಾರೆ. ಪೀಣ್ಯದ ಬಳಿಯ ಲಗ್ಗೆರೆಯ ವಠಾರದವರಿಗೆ ಪಕ್ಕದ ಮನೆಯ ಅಜ್ಜಿ; ಆಕೆಯೂ ಇಲ್ಲದಿದ್ದರೆ ಊರಿನ ಅಜ್ಜಿ.

ಈಗ ಅಂಕಿಗೆ ಬರೋಣ. 1948ರ ಕಾರ್ಖಾನೆ ಕಾಯ್ದೆಯ 48ನೇ ಸೆಕ್ಷನ್ ಪ್ರಕಾರ 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆ, ಅವರ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೇಂದ್ರ (ಕ್ರೆಶ್) ನಡೆಸಬೇಕಿತ್ತು. ಹೊಸ ಸಂಹಿತೆಗಳಲ್ಲಿ ಅದು 50ಕ್ಕಿಂತ ಹೆಚ್ಚು ಕಾರ್ಮಿಕರು ಎಂದಾಗಿದೆ, ಗಂಡಸರೂ ಲೆಕ್ಕಕ್ಕೆ. ಮಗು ಅಪ್ಪನದೂ ಹೌದು ಎಂದು ಕಾನೂನು ಒಪ್ಪಿದ್ದು ಒಳ್ಳೆಯದೇ. ಕ್ರೆಶ್ ತಪ್ಪಿಸಿಕೊಳ್ಳಲು ಹೆಂಗಸರ ಸಂಖ್ಯೆಯನ್ನು ಮೂವತ್ತರೊಳಗೇ ನಿಲ್ಲಿಸುವ ಕಾರಣವೂ ಹೋಯಿತು. ಆದರೆ ಪೀಣ್ಯದ ಸಣ್ಣ ಘಟಕವೊಂದನ್ನು ಕಲ್ಪಿಸಿಕೊಳ್ಳಿ. ಹೊಲಿಗೆ, ಚೆಕಿಂಗ್‌ನಲ್ಲಿ 35 ಹೆಂಗಸರು. ಕಟಿಂಗ್, ಇಸ್ತ್ರಿ, ಲೋಡಿಂಗ್‌ನಲ್ಲಿ 10 ಗಂಡಸರು. ನಿನ್ನೆಯವರೆಗೆ ಅಲ್ಲಿ ಮಕ್ಕಳಿಗೊಂದು ಕೋಣೆ ಕಡ್ಡಾಯವಿತ್ತು. ಇವತ್ತು ಒಟ್ಟು 45 ಮಂದಿ, ಕಡ್ಡಾಯವಿಲ್ಲ. ಹೆಂಗಸರೇ ಹೆಚ್ಚಿರುವ ಸಣ್ಣ ಘಟಕವೇ ಹೊರಗುಳಿಯಿತು.

30 ಸರಿಯೋ 50 ಸರಿಯೋ ಎಂದು ವಾದಿಸುವುದೂ ದಾರಿ ತಪ್ಪಿದಂತೆ. ನಮ್ಮ ಕಾಫಿ ಸೀಮೆಗೂ ಅನ್ವಯಿಸುತ್ತಿದ್ದ 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಯಲ್ಲಿ ಇನ್ನೊಂದು ಲೆಕ್ಕವಿತ್ತು: ಹೆಣ್ಣಾಳುಗಳು 50 ಇರಲಿ, ಇಲ್ಲವೇ ಅವರ ಮಕ್ಕಳೇ 20 ಇರಲಿ, ತೋಟದ ಮಾಲೀಕ ಮಕ್ಕಳಿಗೆ ಕೋಣೆ ಕೊಡಬೇಕು. 1981ರ ತಿದ್ದುಪಡಿ ತಂದ ಲೆಕ್ಕ ಅದು. ಯಾರಿಗಾಗಿ ಈ ವ್ಯವಸ್ಥೆಯೋ ಅವರನ್ನೇ ಎಣಿಸುವ ಬುದ್ಧಿವಂತಿಕೆ ಆಗ ಇತ್ತು. ನರೇಗಾ ಇನ್ನೂ ಮುಂದೆ ಹೋಯಿತು: ಕೆಲಸದ ಜಾಗಕ್ಕೆ ಐದು ಪುಟ್ಟ ಮಕ್ಕಳು ಬಂದರೆ ಸಾಕು, ಅವರನ್ನು ನೋಡಿಕೊಳ್ಳಲು ಒಬ್ಬಾಕೆಯನ್ನು ನಿಯೋಜಿಸಬೇಕು ಎಂದಿತು. ನರೇಗಾ ಕೆಲಸದ ಹೆಂಗಸರಿಗಾಗಿ ರಾಜ್ಯ ಸರ್ಕಾರ 2023–24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ಕೆರೆ ಹೂಳೆತ್ತುವ ತಾಯಿಗೆ ಐದು ಮಕ್ಕಳ ಲೆಕ್ಕ, ಅದೇ ಊರಿನಿಂದ ಪೀಣ್ಯಕ್ಕೆ ಬಂದು ಕಾಲರ್ ಹೊಲಿಯುವ ಅವಳ ತಂಗಿಗೆ ಐವತ್ತು ಕಾರ್ಮಿಕರ ಲೆಕ್ಕ. ಪೀಣ್ಯ ಗ್ರಾಮ ಪಂಚಾಯಿತಿಯಲ್ಲ, ಹಾಗಾಗಿ ಕೂಸಿನ ಮನೆಯೂ ಇಲ್ಲ.

ಸಣ್ಣ ಮಾಲೀಕರಿಗೆ ಹೊರೆಯಾಗುತ್ತದೆ ಎಂಬ ಆಕ್ಷೇಪ ನಿಜವೇ. ತಪಾಸಣೆಯ ದಿನ ತೊಟ್ಟಿಲು ಹೊರತೆಗೆದು, ಮರುದಿನ ಕಾರ್ಟನ್ ಜೋಡಿಸುವ ಕೋಣೆಗಳು ಹುಟ್ಟಿಕೊಂಡದ್ದೂ ಇದೇ ಕಾರಣಕ್ಕೆ. ಆದರೆ ಹಲವು ಘಟಕಗಳು ಹಣ ಕೂಡಿಸಿ ಒಂದೇ ಕೇಂದ್ರ ನಡೆಸಲು ಸಂಹಿತೆಗಳೇ ಅವಕಾಶ ಕೊಟ್ಟಿವೆ. ಎಲೆಕ್ಟ್ರಾನಿಕ್ ಸಿಟಿಗಂತೂ 2013ರಿಂದ ತನ್ನದೇ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವಿದೆ, ತೆರಿಗೆ ಸಂಗ್ರಹಿಸಿ ರಸ್ತೆ, ದೀಪ ನೋಡಿಕೊಳ್ಳುತ್ತಿದೆ. ಮಕ್ಕಳ ಕೋಣೆ ಅದಕ್ಕೆ ಮೀರಿದ ಕೆಲಸವೇನಲ್ಲ. ಕೇಂದ್ರದಲ್ಲಿ ಕಲಿಸಬಲ್ಲ ಶಿಕ್ಷಕಿಯೂ ಇದ್ದರೆ, ಮೂರರಿಂದ ಆರರ ಮಕ್ಕಳಿಗೆ ಅದೇ ಪ್ರೀ–ಸ್ಕೂಲ್.

ಎಚ್ಚರ ಬೇಕಿರುವುದು ದೂರದ ವಿಷಯದಲ್ಲಿ. ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಬಹುದು ಎಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಹೇಳಿತು, ಹೊಸ ಸಂಹಿತೆಗಳೂ ಅದನ್ನು ಉಳಿಸಿಕೊಂಡಿವೆ. ಯಾವ ಸಿಸಿಟಿವಿಯೂ ಮಾಡಲಾರದ ಕಾವಲು ಅದು. ಕೇಂದ್ರ ಎರಡು ಸ್ಟಾಪ್ ಆಚೆಗಿದ್ದರೆ ಆ ಹಕ್ಕು ಕಾಗದದ ಮೇಲೇ ಉಳಿಯುತ್ತದೆ. 500 ಮೀಟರ್ ಒಳಗೆ ಎಂದು 2018ರ ಕೇಂದ್ರ ಮಾರ್ಗಸೂಚಿ ಸೂಚಿಸಿತ್ತು; ಗುತ್ತಿಗೆಯವರ, ಅಂದರೆ ಟೆಕ್ ಪಾರ್ಕಿನ ಹೌಸ್‌ಕೀಪಿಂಗ್‌ನಂಥವರ ಮಕ್ಕಳನ್ನೂ ಸೇರಿಸಿಕೊಳ್ಳಿ ಎಂದಿತ್ತು. ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ. ರಾಜ್ಯ ಸರ್ಕಾರ ತಿದ್ದುಪಡಿ ಮಸೂದೆ ತಂದು ಈ ಎರಡನ್ನೂ ಕಡ್ಡಾಯ ಮಾಡಲಿ, ‘50 ಕಾರ್ಮಿಕರು’ ಎಂಬುದರ ಮುಂದೆ ‘ಅಥವಾ 20 ಮಕ್ಕಳು’ ಎಂದು ಸೇರಿಸಲಿ. ಒಪ್ಪಿಗೆಗೆ ರಾಷ್ಟ್ರಪತಿಗಳ ಬಳಿ ಹೋಗಬೇಕಾಗುತ್ತದೆ, ತಡವೂ ಆಗಬಹುದು. ಅದಕ್ಕಾಗಿಯೇ ಈ ಅಧಿವೇಶನದಲ್ಲೇ ತರುವುದು ಒಳ್ಳೆಯದು.