ಚೂಪು ಹೊಟ್ಟೆಯ ಉಕ್ಕಿನ ಗಾಡಿ

ದೋಣಿಯ ತಳ ಚೂಪಾಗಿರುವುದು ನೀರನ್ನು ಸೀಳಿಕೊಂಡು ಸಾಗಲಿಕ್ಕೆ. ಮಣ್ಣು ರಸ್ತೆಯಲ್ಲಿ ಓಡುವ ಸೈನ್ಯದ ಗಾಡಿಗೆ ದೋಣಿಯ ತಳ ಏತಕ್ಕೆ? ಉತ್ತರ ಬೇಕಿದ್ದರೆ 1970ರ ದಶಕದ ಆಫ್ರಿಕಕ್ಕೆ ಹೋಗಬೇಕು.

ಇಂದಿನ ಜಿಂಬಾಬ್ವೆಗೆ ಆಗ ರೊಡೇಶಿಯ ಎಂದು ಹೆಸರು. ಅಲ್ಪಸಂಖ್ಯಾತ ಬಿಳಿಯರ ಸರ್ಕಾರದ ವಿರುದ್ಧ ಕರಿಯರ ಗೆರಿಲ್ಲಾ ಪಡೆಗಳು ಹೋರಾಡುತ್ತಿದ್ದವು. ಮಣ್ಣು ರಸ್ತೆಗಳಲ್ಲಿ ನೆಲಬಾಂಬುಗಳನ್ನು ಹೂತಿಡುವುದು ಆ ಹೋರಾಟದ ಒಂದು ತಂತ್ರ. ಬಾಂಬಿಗೆ ಕಣ್ಣಿಲ್ಲ. ಸೈನಿಕರ ಲಾರಿ, ರೈತನ ಜೀಪು, ಹಳ್ಳಿಯ ಬಸ್ಸು ಎಲ್ಲವೂ ಅದಕ್ಕೆ ಒಂದೇ.

ಮೊದಮೊದಲು ಗಾಡಿಗಳ ತಳದಲ್ಲಿ ಮರಳಿನ ಚೀಲಗಳನ್ನು ಹಾಸಿ ನೋಡಿದರು. ಹಾಗಾದರೆ ಉಕ್ಕಿನ ತಗಡನ್ನೇ ದಪ್ಪ ಮಾಡಿದರಾಗದೆ? ಆಗದು. ಭಾರ ಹೆಚ್ಚಿದಷ್ಟೂ ಗಾಡಿ ಓಡಲಾರದು. ಜೊತೆಗೆ ಚಪ್ಪಟೆ ತಳ ಎಷ್ಟೇ ದಪ್ಪವಿದ್ದರೂ ಸಿಡಿತದ ಹೊಡೆತವನ್ನು ಪೂರ್ತಿಯಾಗಿ ತಾನೇ ತಿನ್ನುತ್ತದೆ.

ಮಲೆನಾಡಿನ ಮನೆಯ ಹೆಂಚಿನ ಮಾಡನ್ನು ನೆನಪಿಸಿಕೊಳ್ಳಿ. ಇಳಿಜಾರಾಗಿರುವುದರಿಂದ ಮಳೆನೀರು ಮಾಡಿನ ಮೇಲೆ ನಿಲ್ಲದೆ ಎರಡೂ ಬದಿಗೆ ಜಾರುತ್ತದೆ. ಆ ಮಾಡನ್ನು ತಲೆಕೆಳಗು ಮಾಡಿ ಗಾಡಿಯ ಅಡಿಗೆ ಜೋಡಿಸಿದರೆ? ಕೆಳಗಿನಿಂದ ನುಗ್ಗುವ ಬಿಸಿ ಅನಿಲವೂ ಮಣ್ಣುಕಲ್ಲುಗಳೂ ಹಾಗೆಯೇ ಇಕ್ಕೆಲಗಳಿಗೆ ಜಾರಿಹೋಗುತ್ತವೆ. ತಳ ನೆಲದಿಂದ ಎತ್ತರದಲ್ಲಿದ್ದರೆ ಇನ್ನೂ ಒಳ್ಳೆಯದು. ಏಕೆಂದರೆ ದೂರ ಹೆಚ್ಚಿದಂತೆ ಸಿಡಿತದ ಒತ್ತಡ ಬಲುಬೇಗ ಕುಗ್ಗುತ್ತದೆ.

ರೊಡೇಶಿಯದ ಎಂಜಿನಿಯರ್ ಅರ್ನೆಸ್ಟ್ ಕೋನ್‌ಶೆಲ್ ಈ ತತ್ತ್ವ ಹಿಡಿದು 'ಲೆಪರ್ಡ್' ಎಂಬ ಗಾಡಿ ಕಟ್ಟಿದ. ಎಂಜಿನ್ ಫೋಕ್ಸ್‌ವ್ಯಾಗನ್ ವ್ಯಾನಿನದು. ಚಕ್ರಗಳು ಒಡಲಿನಿಂದ ದೂರ, ಹಿಂದೆ ಮುಂದೆ ಚಾಚಿಕೊಂಡಿದ್ದವು. ಬಾಂಬಿನ ಮೇಲೆ ಹತ್ತುವುದು ಚಕ್ರವೇ ಆದ್ದರಿಂದ ಸಿಡಿತವೂ ಪ್ರಯಾಣಿಕರಿಂದ ದೂರದಲ್ಲೇ ಆಗುತ್ತಿತ್ತು. ಚಕ್ರ ಹಾರಿಹೋಗುತ್ತಿತ್ತು, ಜೀವ ಉಳಿಯುತ್ತಿತ್ತು. ಆಘಾತಕ್ಕೆ ಮೇಲಕ್ಕೆ ಚಿಮ್ಮಿ ತಲೆ ಒಡೆದುಕೊಳ್ಳದಂತೆ ಸೀಟಿಗೆ ಬೆಲ್ಟು.

ಅವನದೇ ಮತ್ತೊಂದು ಗಾಡಿ 'ಪೂಕಿ'ಯಲ್ಲಿ ಚಾಲಕನೊಬ್ಬನಿಗೇ ಜಾಗ. ಕಾರ್ ರೇಸಿನಲ್ಲಿ ಬಳಸಿ ಬಿಟ್ಟ ಅಗಲವಾದ ಟಯರುಗಳನ್ನು ಅದಕ್ಕೆ ತೊಡಿಸಿದ್ದರು. ಗಾಡಿಯ ಭಾರ ಹರಡಿಹೋಗಿ ಅಡಿಯಲ್ಲಿದ್ದ ಬಾಂಬು ಸಿಡಿಯುತ್ತಿರಲಿಲ್ಲ. ಬಾಂಬು ಎಲ್ಲಿದೆಯೆಂದು ಹುಡುಕುವುದೇ ಪೂಕಿಯ ಕೆಲಸ.

ನೆರೆಯ ದಕ್ಷಿಣ ಆಫ್ರಿಕ ಈ ವಿದ್ಯೆಯನ್ನು ಮುಂದುವರಿಸಿತು. ಅಲ್ಲಿನ ಪೊಲೀಸ್ ಇಲಾಖೆ ಮತ್ತು ವಿಜ್ಞಾನ ಸಂಶೋಧನಾ ಮಂಡಳಿ ಇವೆರಡರ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳನ್ನು ಕಲಸಿದಾಗ ಹುಟ್ಟಿದ ಹೆಸರು 'ಕ್ಯಾಸ್ಪಿರ್'. ಸುಮಾರು 11 ಟನ್ ತೂಕ, ಇಬ್ಬರು ಸಿಬ್ಬಂದಿ, 12 ಜನ ಪ್ರಯಾಣಿಕರು. ಚಕ್ರದಡಿ 21 ಕಿಲೋ, ಒಡಲಿನಡಿ 14 ಕಿಲೋ ಟಿಎನ್‌ಟಿ ಸಿಡಿದರೂ ಒಳಗಿದ್ದವರು ಬದುಕುಳಿಯಬೇಕೆಂಬ ಲೆಕ್ಕದಲ್ಲಿ ಅದನ್ನು ರೂಪಿಸಿದ್ದರು.

ಆದರೆ ರಕ್ಷಣೆ ಯಾರಿಗೆ? 1980ರ ದಶಕದಲ್ಲಿ ಇದೇ ಕ್ಯಾಸ್ಪಿರ್‌ಗಳು ಸೊವೆಟೊದಂಥ ಕರಿಯರ ಬಡಾವಣೆಗಳಿಗೆ ನುಗ್ಗಿದವು. ಒಳಗೆ ಕೂತ ಪೊಲೀಸರಿಗೆ ಅದು ಕವಚ. ವರ್ಣಭೇದ ನೀತಿಯನ್ನು ಪ್ರತಿಭಟಿಸಿ ಬೀದಿಗಿಳಿದ ಶಾಲಾಮಕ್ಕಳಿಗೆ ಅದೇ ಭಯದ ಇನ್ನೊಂದು ಹೆಸರು.

1990ರ ದಶಕದ ಕೊನೆಯ ಹೊತ್ತಿಗೆ ಭಾರತೀಯ ಸೇನೆಯೂ ಕ್ಯಾಸ್ಪಿರ್‌ಗಳನ್ನು ತರಿಸಿಕೊಂಡಿತು. ಇಂಥದೇ ಗಾಡಿಗಳು ಆಂಧ್ರದ (ಈಗ ತೆಲಂಗಾಣ) ಮೇದಕ್ ಕಾರ್ಖಾನೆಯಲ್ಲಿ ತಯಾರಾಗತೊಡಗಿದವು. ಇರಾಕಿನ ರಸ್ತೆಬದಿಯ ಬಾಂಬುಗಳಿಗೆ ತತ್ತರಿಸಿದ ಅಮೆರಿಕ ಕೂಡ 2007ರಿಂದ ಚೂಪು ತಳದ ಗಾಡಿಗಳನ್ನು ಸಾವಿರಗಟ್ಟಲೆ ಕೊಂಡಿತು.

ಆದರೂ ಲೆಕ್ಕಕ್ಕೊಂದು ಮಿತಿ ಇದ್ದೇ ಇದೆ. 2012ರ ಜನವರಿಯಲ್ಲಿ ಜಾರ್ಖಂಡ್‌ನ ಗಢವಾ ಜಿಲ್ಲೆಯಲ್ಲಿ ಮಾವೋವಾದಿಗಳು ಇಂಥ ಗಾಡಿಯೊಂದನ್ನು ಸಿಡಿಸಿದಾಗ 13 ಪೊಲೀಸರು ಸತ್ತರು. ಗಾಡಿ ತಾಳುವುದು ಹತ್ತಿಪ್ಪತ್ತು ಕಿಲೋ ಎಂದು ಗೊತ್ತಾದ ಮೇಲೆ ಅದಕ್ಕಿಂತ ಹೆಚ್ಚು ಹೂತಿಡುವುದು ಕಷ್ಟವಲ್ಲ. ಕಾಡಿನ ರಸ್ತೆಗಳಲ್ಲಿ ಗಾಡಿ ಬಿಟ್ಟು ನಡೆದೇ ಹೋಗುವುದು ಕ್ಷೇಮ ಎಂಬ ಪಾಠವನ್ನು ಭದ್ರತಾ ಪಡೆಗಳು ಕಲಿಯಬೇಕಾಯಿತು.

ನೆಲಬಾಂಬಿಗೆ ನಿಜವಾದ ಪರಿಹಾರವೆಂದರೆ ಅದನ್ನು ನೆಲದಿಂದ ತೆಗೆಯುವುದೇ. ಅದಕ್ಕೂ ಕ್ಯಾಸ್ಪಿರ್ ಒದಗಿಬಂತು. ಅಂತರ್ಯುದ್ಧ ಮುಗಿದ ಮೊಜಾಂಬಿಕ್‌ನಲ್ಲಿ ಬಾಂಬು ತೆಗೆಯುವ ತಂಡಗಳು ಅದರೊಳಗೆ ಕುಳಿತು ರಸ್ತೆಗಳನ್ನು ಜಾಲಾಡಿದವು. ಉಳಿದ ಬಾಂಬುಗಳನ್ನು ಜನ ಮಂಡಿಯೂರಿ, ಗೇಣುಗೇಣು ನೆಲವನ್ನೂ ಕೆದಕಿ ತೆಗೆದರು. ಎರಡು ದಶಕಕ್ಕೂ ಹೆಚ್ಚು ಕಾಲ ನಡೆದ ಆ ಕೆಲಸ ಮುಗಿದು, 2015ರಲ್ಲಿ ಮೊಜಾಂಬಿಕ್ ತನ್ನ ನೆಲ ಬಾಂಬುಮುಕ್ತ ಎಂದು ಸಾರಿತು.