ಅಜ್ಞಾತವಾಸದ ವಿದ್ಯೆ

ವೀರನೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಅವನ ಆಯುಧ. ಗಾಂಡೀವವಿಲ್ಲದ ಅರ್ಜುನನನ್ನೂ ಗದೆಯಿಲ್ಲದ ಭೀಮನನ್ನೂ ನಮ್ಮ ಚಿತ್ರಕಾರರು ಬರೆಯುವುದು ಅಪೂರ್ವ. ಆದರೆ ಮಹಾಭಾರತದ ಕವಿ ಲೋಕವನ್ನು ಹೆಚ್ಚು ಬಲ್ಲವನು. ಆತ ಆಯುಧಗಳನ್ನೆಲ್ಲ ಬನ್ನಿಯ ಮರಕ್ಕೆ ಕಟ್ಟಿಸಿ, ತನ್ನ ವೀರರನ್ನು ಒಂದು ವರ್ಷದ ಮಟ್ಟಿಗೆ ಬರಿಗೈಯಲ್ಲಿ ವಿರಾಟನ ಪಟ್ಟಣಕ್ಕೆ ಕಳುಹಿಸಿದನು. ಆ ವರ್ಷ ಅವರನ್ನು ಕಾಯ್ದದ್ದು ಅಡಿಗೆ, ಕುಣಿತ, ಕುದುರೆಯ ಆರೈಕೆ, ದನಗಳ ಮೇಲ್ವಿಚಾರಣೆ, ಮುಡಿ ಕಟ್ಟುವ ಕೈಚಳಕ ಮತ್ತು ಪಗಡೆ. ಮಳೆ ಬಾರದ ವರ್ಷಗಳಲ್ಲಿ ನಮ್ಮ ಜನ ಯುದ್ಧಪರ್ವಗಳನ್ನು ಬಿಟ್ಟು ವಿರಾಟಪರ್ವವನ್ನೇ ಓದಿಸುತ್ತಿದ್ದರೆಂಬುದು ಇಲ್ಲಿ ನೆನೆಯತಕ್ಕ ಸಂಗತಿ.

ಈ ಮಾತನ್ನು ಎತ್ತಲು ಕಾರಣ ಒಂದು ಆಟ. ನಾಲ್ಕಾರು ಜನ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ಧರಿಸಿ, ಸೂತ್ರಧಾರನೊಬ್ಬನು ಹೇಳುತ್ತ ಹೋಗುವ ಅದ್ಭುತ ಕಥೆಯೊಳಗೆ ತಮ್ಮ ಪಾತ್ರ ಏನು ಮಾಡುವುದೆಂಬುದನ್ನು ತಾವೇ ನಿಶ್ಚಯಿಸಿ, ಫಲವನ್ನು ದಾಳಕ್ಕೆ ಒಪ್ಪಿಸುವ ಆಟವದು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಹೆಸರಿನಿಂದ ಇದನ್ನು ಪ್ರಕಟಿಸಿದರು. ಇಂದು ನಮ್ಮ ನಗರಗಳ ಕಾಲೇಜು ತರುಣರೂ ಇದನ್ನು ಆಡುತ್ತಾರೆ. 2000ದಲ್ಲಿ ಹೊರಬಂದ ಮೂರನೆಯ ಆವೃತ್ತಿಯಲ್ಲಿ 'ಫೀಟ್' ಎಂಬ ಹೊಸ ಅಂಶವೊಂದು ಸೇರಿತು. ಅದನ್ನು ನಾವು 'ಸಿದ್ಧಿ' ಎನ್ನೋಣ. ಪಾತ್ರ ಬೆಳೆದಂತೆ ಆಟಗಾರನು ಪಟ್ಟಿಯೊಂದರಿಂದ ಆಯ್ದುಕೊಳ್ಳುವ ವಿಶೇಷ ಶಕ್ತಿ ಅದು. ಕೆಲವು ಸಿದ್ಧಿಗಳು ಕತ್ತಿಯನ್ನು ಹರಿತಗೊಳಿಸುತ್ತವೆ. ಕೆಲವು ಕೌಶಲವನ್ನು ಹೆಚ್ಚಿಸುತ್ತವೆ. ಯಾವುದನ್ನು ಆಯಬೇಕು? ಪ್ರಶ್ನೆ ಕ್ಷುದ್ರವೆಂದು ಹಿರಿಯರಿಗೆ ತೋರಬಹುದು. ಮನುಷ್ಯನಲ್ಲಿ ನಾವು ಯಾವುದನ್ನು ಯೋಗ್ಯತೆಯೆಂದು ಎಣಿಸುತ್ತೇವೆ ಎಂಬ ಪ್ರಶ್ನೆಯೇ ಇಲ್ಲಿ ವೇಷ ಬದಲಿಸಿ ಬಂದಿದೆಯೆಂದು ನನಗೆ ತೋರುತ್ತದೆ.

ಕತ್ತಿಯ ಪಕ್ಷದವರ ವಾದವನ್ನು ಮೊದಲು ಕೇಳಬೇಕು. ಸತ್ತ ವೀರನಿಗೆ ಯಾವ ಕೌಶಲದಿಂದ ಏನು ಪ್ರಯೋಜನವೆಂದು ಅವರು ಕೇಳುತ್ತಾರೆ. 2014ರ ಐದನೆಯ ಆವೃತ್ತಿಯಲ್ಲಿ ಸಿದ್ಧಿಯೊಂದನ್ನು ಪಡೆಯಬೇಕಾದರೆ ಮೈಬಲವನ್ನೋ ಬುದ್ಧಿಬಲವನ್ನೋ ಹೆಚ್ಚಿಸಿಕೊಳ್ಳುವ ಒಂದು ಅವಕಾಶವನ್ನು ಬಿಟ್ಟುಕೊಡಬೇಕಾಗಿತ್ತು. ಅಷ್ಟು ಬೆಲೆಯನ್ನು ತೆತ್ತು ಸವಿನುಡಿಯನ್ನೋ ಪ್ರಾಣಿಪಾಲನೆಯನ್ನೋ ಕೊಳ್ಳುವವನು ಅವರ ಕಣ್ಣಿಗೆ ಅವಿವೇಕಿ. ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಸೂತ್ರಧಾರನು ಕಾಳಗವಲ್ಲದೆ ಬೇರೇನನ್ನೂ ತರದವನಾದರೆ ಕೌಶಲದ ಸಿದ್ಧಿ ಹೂತಿಟ್ಟ ಹೊನ್ನು. ಆದುದರಿಂದ ಆಯ್ಕೆಗೆ ಮೊದಲು ಕಥೆ ಯಾವ ಊರಿಗೆ ಹೋಗುವುದೆಂದು ಸೂತ್ರಧಾರನನ್ನು ಕೇಳುವುದು ಕ್ಷೇಮ. ಆದರೆ ಆ ಪಕ್ಷದವರು ಒಂದನ್ನು ಮರೆಯುತ್ತಾರೆ. ಈ ಆಟದ ಪ್ರತಿಯೊಂದು ಪಾತ್ರಕ್ಕೂ ಹೋರಾಡುವ ಶಕ್ತಿ ಹುಟ್ಟಿನಿಂದಲೇ ಬಂದಿರುತ್ತದೆ. ಇದ್ದುದನ್ನೇ ಮತ್ತೆ ಕೊಳ್ಳುವುದು ತುಂಬಿದ ಕೊಡಕ್ಕೆ ನೀರು ಹೊಯ್ದಂತೆ.

ಇನ್ನು ಲೆಕ್ಕದ ಮಾತು. ಆಟದ ಮುಖ್ಯ ದಾಳಕ್ಕೆ ಇಪ್ಪತ್ತು ಮುಖ. ಬಿದ್ದ ಸಂಖ್ಯೆಗೆ ಪಾತ್ರದ ಬಲವನ್ನು ಕೂಡಿಸಿ ಗುರಿಯನ್ನು ಮುಟ್ಟಬೇಕು. ಒಂದು ಅಂಕ ಹೆಚ್ಚಿದರೆ ನೂರಕ್ಕೆ ಐದರಷ್ಟು ಅನುಕೂಲ. ಗುರಿ 15, ಬಲ 2 ಎಂದಿಟ್ಟುಕೊಂಡರೆ ಗೆಲುವಿನ ಸಂಭವ ನೂರಕ್ಕೆ 40. 2003ರ ನಿಯಮಗಳಲ್ಲಿದ್ದ 'ಸ್ಕಿಲ್ ಫೋಕಸ್' ಎಂಬ ಸಿದ್ಧಿ ಒಂದೇ ಕೌಶಲಕ್ಕೆ 3 ಅಂಕಗಳನ್ನು ಕೊಡುತ್ತಿತ್ತು. ಸಂಭವ 55ಕ್ಕೆ ಏರಿತು. ಐದನೆಯ ಆವೃತ್ತಿಯ 'ಸ್ಕಿಲ್ಡ್' ಎಂಬುದು ಮೂರು ಹೊಸ ಕೌಶಲಗಳಲ್ಲಿ ಅಥವಾ ಉಪಕರಣಗಳಲ್ಲಿ ಪರಿಣತಿಯನ್ನು ಕೊಡುತ್ತದೆ. 2020ರಲ್ಲಿ ಬಂದ 'ಸ್ಕಿಲ್ ಎಕ್ಸ್‌ಪರ್ಟ್' ಒಂದು ಹೊಸ ಕೌಶಲವನ್ನು ಕೊಟ್ಟು, ಬಲ್ಲ ಕೌಶಲವೊಂದರ ಪರಿಣತಿಯನ್ನು ಇಮ್ಮಡಿಗೊಳಿಸುತ್ತದೆ. ಮೊದಲನೆಯದು ಹರಹು, ಎರಡನೆಯದು ಆಳ.

ಎರಡರಲ್ಲಿ ಯಾವುದು ಮೇಲು? ಗುರಿ 25ರಷ್ಟು ಎತ್ತರವಾಗಿದ್ದಲ್ಲಿ 8ರ ಬಲವುಳ್ಳವನು ನೂರಕ್ಕೆ 20 ಸಲ ಮಾತ್ರ ಗೆಲ್ಲುವನು; ಅದೇ ಬಲ 14ಕ್ಕೆ ಏರಿದರೆ 50 ಸಲ. ಅಲ್ಲಿ ಆಳವೇ ಬೇಕು. ಆದರೆ ಸಾಮಾನ್ಯವಾದ 15ರ ಗುರಿಗೆ 14ರ ಬಲವುಳ್ಳವನು ದಾಳವನ್ನು ಎಸೆಯುವ ಅಗತ್ಯವೇ ಇಲ್ಲ. ಅದರಿಂದಾಚೆಗೆ ಕೂಡಿಸಿದ್ದು ಅಲ್ಲಿ ಬರಿಯ ಆಡಂಬರ. ತಂಡದಲ್ಲಿ ಒಬ್ಬನಿಗೂ ಗಾಯಕ್ಕೆ ಮದ್ದು ಕಟ್ಟುವುದು ತಿಳಿಯದಿದ್ದಾಗ, ಮರೆಯಲ್ಲಿ ನಡೆಯುವುದರಲ್ಲಿ ಈಗಾಗಲೇ ನಿಪುಣನಾದವನು ಇನ್ನಷ್ಟು ನಿಪುಣನಾಗಲು ಹೊರಡುವುದು ಸ್ವಾರ್ಥವೆನಿಸುತ್ತದೆ. ಲೆಕ್ಕ ನಮ್ಮನ್ನು ಇಲ್ಲಿಯವರೆಗೆ ಕರೆತರಬಲ್ಲದು. ಮುಂದಿನ ದಾರಿಗೆ ವಿವೇಕ ಬೇಕು.

ಆ ವಿವೇಕದ ಮಾದರಿ ವಿರಾಟಪರ್ವದ ಮೊದಲಲ್ಲಿಯೇ ಇದೆ. ಪಟ್ಟಣವನ್ನು ಹೊಗುವ ಮುನ್ನ ಧರ್ಮರಾಯನು ತಮ್ಮಂದಿರನ್ನೂ ದ್ರೌಪದಿಯನ್ನೂ ಒಬ್ಬೊಬ್ಬರನ್ನಾಗಿ, ನೀನೇನು ಮಾಡುವೆ, ಯಾವ ವೇಷದಲ್ಲಿ ಇರುವೆ ಎಂದು ವಿಚಾರಿಸುತ್ತಾನೆ. ಆರು ಜನ, ಆರು ಕಸಬು. ಒಬ್ಬರದು ಇನ್ನೊಬ್ಬರಿಗೆ ಅಡ್ಡಬರುವುದಿಲ್ಲ. ಐವರೂ ಅಡಿಗೆಯ ಮನೆಗೇ ನುಗ್ಗಿದ್ದರೆ ಅಜ್ಞಾತವಾಸ ಒಂದು ವಾರವೂ ನಡೆಯುತ್ತಿರಲಿಲ್ಲ. ಮೇಜಿನ ಸುತ್ತ ಕುಳಿತವರು ಮೊದಲ ದಿನ ಮಾಡಬೇಕಾದದ್ದೂ ಇದೇ ವಿಚಾರಣೆ.

ಆ ವಿದ್ಯೆಗಳು ಅವರಿಗೆ ಬಂದ ಬಗೆಯನ್ನಂತೂ ಆಟಗಾರರೆಲ್ಲ ಮನನ ಮಾಡತಕ್ಕದ್ದು. ಅರ್ಜುನನು ಇಂದ್ರಲೋಕಕ್ಕೆ ಹೋದದ್ದು ದಿವ್ಯಾಸ್ತ್ರಗಳಿಗಾಗಿ. ಆದರೆ ಇಂದ್ರನ ಮಾತಿನಂತೆ ಚಿತ್ರಸೇನನೆಂಬ ಗಂಧರ್ವನಲ್ಲಿ ಗೀತನೃತ್ಯಗಳನ್ನೂ ಕಲಿತು ಬಂದನು. ಬೃಹನ್ನಳೆಯಾಗಿದ್ದ ವರ್ಷದಲ್ಲಿ ಅವನಿಗೆ ಅನ್ನ ಕೊಟ್ಟದ್ದು ಅಸ್ತ್ರಗಳಲ್ಲ, ಈ ಕುಣಿತ. ಧರ್ಮರಾಯನದು ಇನ್ನೂ ಮಾರ್ಮಿಕ. ಜೂಜಿನಲ್ಲಿ ರಾಜ್ಯವನ್ನೆಲ್ಲ ಕಳೆದು ಕಾಡಿನಲ್ಲಿ ಕುಳಿತವನಿಗೆ ಬೃಹದಶ್ವ ಋಷಿಯು ನಳನ ಕಥೆಯನ್ನು ಹೇಳಿ ಅಕ್ಷಹೃದಯವನ್ನು, ಎಂದರೆ ದಾಳದ ಮರ್ಮವನ್ನು, ಉಪದೇಶಿಸುತ್ತಾನೆ. ಯಾವುದರಿಂದ ಕೆಟ್ಟನೋ ಅದನ್ನೇ ಕಲಿತು ಅವನು ವಿರಾಟನ ಸಭೆಯಲ್ಲಿ ಕಂಕನಾಗಿ ಬಾಳಿದನು. ಆ ನಳನೂ ಋತುಪರ್ಣನಿಗೆ ತನ್ನ ಅಶ್ವವಿದ್ಯೆಯನ್ನು ಕೊಟ್ಟು ಅಕ್ಷವಿದ್ಯೆಯನ್ನು ಪಡೆದವನು. ಕುದುರೆಯನ್ನು ಬಲ್ಲವನು ಇನ್ನಷ್ಟು ಕುದುರೆಯನ್ನು ಬೇಡಲಿಲ್ಲ. ತನ್ನ ಬಾಳಿನಲ್ಲಿ ಬಿದ್ದಿದ್ದ ಕಂದರವನ್ನು ತುಂಬುವುದನ್ನು ಬೇಡಿದನು. ಸಿದ್ಧಿಯ ಆಯ್ಕೆಗೆ ಇದಕ್ಕಿಂತ ಉತ್ತಮ ಸೂತ್ರ ನನಗೆ ತಿಳಿಯದು. ಪಾತ್ರ ಎಲ್ಲಿ ಸೋತಿತೋ ಅಲ್ಲಿಂದ ಅದರ ಕಲಿಕೆ ಹುಟ್ಟಬೇಕು.

ಪುರಾಣದಿಂದ ನಮ್ಮ ಗಡಿನಾಡಿಗೆ ಇಳಿದರೂ ಇದೇ ಮಾತು ಕೇಳುತ್ತದೆ. ಬೆಳಗಾವಿ ಜಿಲ್ಲೆಯ ಮಂಗಸೂಳಿ ಖಂಡೋಬನ ಪ್ರಸಿದ್ಧ ಕ್ಷೇತ್ರಗಳಲ್ಲೊಂದು. ಕನ್ನಡಿಗರೂ ಮರಾಠಿಗರೂ ಒಟ್ಟಾಗಿ ಭಂಡಾರವನ್ನು ಹಾರಿಸುವ ಸ್ಥಳ. ಕುದುರೆಯೇರಿ ಕತ್ತಿ ಹಿಡಿದು ಮಣಿ-ಮಲ್ಲರೆಂಬ ದೈತ್ಯರನ್ನು ಕೊಂದ ದೇವರು ಆತ. ಆದರೆ ಜನಪದರು ಆತನನ್ನು ದೈತ್ಯಸಂಹಾರಕ್ಕೇ ನಿಲ್ಲಿಸಲಿಲ್ಲ. ಮಡದಿ ಮ್ಹಾಳಸೆಯೊಡನೆ ಪಗಡೆಯಾಡಿ, ಸೋತು, ಪಣದಂತೆ ಹನ್ನೆರಡು ವರ್ಷ ಮನೆ ಬಿಟ್ಟು, ಮುದಿ ಕುರುಬನ ವೇಷದಲ್ಲಿ ಬಾಣಾಯಿಯ ಕುರಿಗಳನ್ನು ಕಾಯುವ ಆಳಾಗಿ ದುಡಿದು, ಕೊನೆಗೆ ಅವಳನ್ನು ವರಿಸಿದನೆಂದು ಹಾಡಿದರು. ಕುರಿಗಾರರ ನಾಡಿಗೆ ಕತ್ತಿ ಹಿಡಿದ ದೇವರಷ್ಟೇ ಸಾಲದು. ಕುರಿ ಕಾಯಬಲ್ಲ ದೇವರು ಬೇಕು. ತಮ್ಮ ಕಸಬು ಆತನ ಕೈಯಲ್ಲಿ ಕಂಡಾಗ ಆತ ಅವರವನಾದನು.

ಈ ದೃಷ್ಟಿಯಿಂದ ನೋಡಿದರೆ ಆಟದ ಕೌಶಲಗಳ ಪಟ್ಟಿ ನಮ್ಮ ಅಧ್ಯಾಪಕರ ಗಮನಕ್ಕೂ ಯೋಗ್ಯವಾದುದು. ಐದನೆಯ ಆವೃತ್ತಿಯಲ್ಲಿ ಹದಿನೆಂಟು ಕೌಶಲಗಳಿವೆ. ಚಿಕಿತ್ಸೆ, ಪ್ರಾಣಿಪಾಲನೆ, ಇತಿಹಾಸ, ಮನವೊಲಿಕೆ, ರಂಗಪ್ರದರ್ಶನ ಇವೆಲ್ಲ ಅಂಕ ಪಡೆಯುವ ಯೋಗ್ಯತೆಗಳು. 2019ರ 'ಪಾತ್‌ಫೈಂಡರ್' ಎರಡನೆಯ ಆವೃತ್ತಿಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೌಶಲದ ಸಿದ್ಧಿಗಳನ್ನು ಕಾಳಗದ ಸಿದ್ಧಿಗಳಿಂದ ಬೇರ್ಪಡಿಸಿ, ಎರಡು ಮಟ್ಟಕ್ಕೊಂದರಂತೆ ಅವುಗಳಿಗೆಂದೇ ಸ್ಥಾನವನ್ನು ಮೀಸಲಿಟ್ಟರು. ಕತ್ತಿಯೊಡನೆ ಸ್ಪರ್ಧಿಸಬೇಕಾದ ಕಷ್ಟ ಹಾಡಿಗೆ ತಪ್ಪಿತು. ಇದು ನ್ಯಾಯವಾದ ಏರ್ಪಾಡೆಂದು ನನ್ನ ಮತ. 2014ರ ಪುಸ್ತಕದಲ್ಲಿ ಮೂರು ಭಾಷೆಗಳನ್ನು ಕಲಿಸುವ ಸಿದ್ಧಿಯೂ ಒಂದಿತ್ತು; ಅದನ್ನು ದುರ್ಬಲವೆಂದು ಕಡೆಗಣಿಸಿದ ಆಟಗಾರರು ಅನೇಕರು. ಗಡಿಯ ಸಂತೆಯಲ್ಲಿ ಕನ್ನಡದಲ್ಲಿ ಕೊಂಡು ಮರಾಠಿಯಲ್ಲಿ ಮಾರುವ ಮುದುಕಿಯನ್ನು ಕೇಳಿದರೆ, ಎರಡನೆಯ ಭಾಷೆಯ ಬೆಲೆಯೇನೆಂಬುದನ್ನು ಅವಳು ಹೇಳಿಯಾಳು.

ನಮ್ಮ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಇಂದು ಮಕ್ಕಳಿಗೆ ಒಂದೇ ಆಯುಧವನ್ನು ಕೊಟ್ಟು ಅದನ್ನೇ ಮಸೆಯುತ್ತಿದ್ದೇವೆ. ಪರೀಕ್ಷೆಯ ಅಂಕಗಳೇ ಆ ಆಯುಧ, ಉಳಿದುದೆಲ್ಲ ಕಾಲಹರಣ. ಹಾಡಬಲ್ಲ, ರೋಗಿಯನ್ನು ಸಂತೈಸಬಲ್ಲ, ಜಗಳವನ್ನು ಬಗೆಹರಿಸಬಲ್ಲ ಹುಡುಗನಿಗೆ ಯಾವ ಪಟ್ಟಿಯಲ್ಲಿಯೂ ಅಂಕವಿಲ್ಲ. ಕಲ್ಪನೆಯ ಆಟವೊಂದರಲ್ಲಾದರೂ ಅವನಿಗೆ ಅಂಕವಿದೆಯೆಂಬುದು ನಾವು ನಾಚಬೇಕಾದ ವಿಷಯ, ಸಂತೋಷಪಡಬೇಕಾದ ವಿಷಯವೂ ಹೌದು. ಈ ಆಟವನ್ನು ಕನ್ನಡಕ್ಕೆ ತರುವ ಉತ್ಸಾಹವುಳ್ಳ ತರುಣರು ಹದಿನೆಂಟರ ಪಟ್ಟಿಯನ್ನು ಹಾಗೆಯೇ ಅನುವಾದಿಸಿ ತೃಪ್ತರಾಗದೆ, ತಮ್ಮ ಊರಿನ ವಿದ್ಯೆಗಳನ್ನೂ ಅದಕ್ಕೆ ಸೇರಿಸಲಿ: ಡೊಳ್ಳಿನ ಹಾಡು, ಬಾವಿಯ ನೆಲೆ ಹುಡುಕುವುದು, ಕುರಿಯ ರೋಗ ಗುರುತಿಸುವುದು, ಪಂಚಾಯಿತಿಯಲ್ಲಿ ಮಾತನಾಡುವುದು.

ಬನ್ನಿಯ ಮರದ ಮೇಲಿನ ಆಯುಧಗಳು ಮತ್ತೆ ಕೈಗೆ ಬರುವ ದಿನ ಬಂದೇ ಬರುತ್ತದೆ. ಅದನ್ನು ಯಾರೂ ಅಲ್ಲಗಳೆಯರು. ಆದರೆ ಆ ದಿನದವರೆಗೆ ಬದುಕಿ ಉಳಿಯುವುದು ಇತರ ವಿದ್ಯೆಗಳಿಂದ.